ತಲೆಕೆಳಗಾದ ಬಾತುಕೋಳಿ

ಮಧ್ಯಾಹ್ನದ ಬಿಸಿಲಲ್ಲಿ ಲೇಬಲ್ ಅತ್ತೆ ತನ್ನ ಸ್ಟೂಲನ್ನು ಕಾಲು ಮೇಲಾಗಿ ತಲೆಯ ಮೇಲೆ ಹೊತ್ತು, ಬಗಲಲ್ಲಿ ಹನ್ನೆರಡು ಡಬ್ಬಿ ಬಿಯರಿನ ಪೆಟ್ಟಿಗೆ ಅವುಚಿಕೊಂಡು, ಕಾರ್ಖಾನೆಯ ಗೇಟಿನಿಂದ ಹೊರಬಿದ್ದಳು. ಎದುರಿನ ಕ್ಷೌರಿಕ ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡಿದ. ಬಸ್ಸಿಗೆ ಕಾಯುತ್ತಿದ್ದ ಮೂವರು ಬಸ್ಸು ಬಂದರೂ ಹತ್ತಲಿಲ್ಲ. ಅರವತ್ತೆರಡರ ಹೆಂಗಸಿಗೆ ಇದೇನು ಅವತಾರ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಅವಳ ಮುಖ ನೋಡಿದರೆ ಸ್ಟೂಲು ಯಾವ ಗಳಿಗೆಯಲ್ಲಾದರೂ ತಲೆಯಿಂದ ಕೈಗೆ ಬಂದೀತು ಅನ್ನಿಸುತ್ತಿತ್ತು. ಹಾಗಾಗಿ ಯಾರೂ ಕೇಳಲಿಲ್ಲ.

ಕೂತು ಲೇಬಲ್ ಅಂಟಿಸುತ್ತಿದ್ದ ಆ ಸ್ಟೂಲು ಅವಳದೇ. ಅದನ್ನು ಮಾಡಿಸಿಕೊಟ್ಟವನು ಅವಳ ಅಣ್ಣ. ಬಿಯರೂ ಅಣ್ಣನದೇ. ಅಣ್ಣ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಈಗ ಕಾರ್ಖಾನೆ ಅಣ್ಣನ ಮಗನ ಕೈಯಲ್ಲಿತ್ತು. ಆ ಮಹಾನುಭಾವ ಅರ್ಧ ಗಂಟೆಯ ಕೆಳಗೆ, "ಅತ್ತೆ, ನೀನು ಸ್ವಲ್ಪ ದಿನ ಮನೇಲಿ ರೆಸ್ಟ್ ತಗೋ" ಅಂದಿದ್ದ. ರೆಸ್ಟ್ ಎಂದರೆ ಏನರ್ಥ ಎಂದು ತಿಳಿಯದಷ್ಟು ಪೆದ್ದಿಯಲ್ಲ ಲೇಬಲ್ ಅತ್ತೆ.

ಕಾರ್ಖಾನೆ ಎಂದ ಕೂಡಲೇ ಹೊಗೆಕೊಳವೆ, ಸೈರನ್ನು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಹಿಂದೆ ಲಾಂಡ್ರಿಯಾಗಿದ್ದ ಒಂದು ಉದ್ದನೆಯ ಶೆಡ್ಡು, ಅಷ್ಟೇ. ನೆಲವೆಲ್ಲ ಚರಂಡಿಯ ಕಡೆಗೆ ಇಳಿಜಾರು, ಗೋಡೆಗೆ ನೀಲಿ ಬಣ್ಣ, ಸೆಕೆಗಾಲದಲ್ಲಿ ಈಗಲೂ ಇಟ್ಟಿಗೆಯ ಸಂದಿಯಿಂದ ಸೋಪಿನ ವಾಸನೆ. ಅದರೊಳಗೆ ಐದು ಸ್ಟೀಲಿನ ಟ್ಯಾಂಕು, ಒಂದು ಕುದಿಸುವ ಹಂಡೆ, ಡಬ್ಬಿ ತುಂಬುವ ಒಂದು ಸಾಲು ಯಂತ್ರ. ಇಲ್ಲಿ ಮಾಡುತ್ತಿದ್ದದ್ದು ಮೂರೇ ಬಿಯರು. ನಾಲ್ಕನೆಯದು ಕೇಳಿದವರಿಗೆ ಅಣ್ಣ ಬಾಗಿಲು ತೋರಿಸುತ್ತಿದ್ದ. 'ಕಾಡಿಗೆ' ಎಂಬುದು ಕಪ್ಪು ಬಿಯರು, ಸೀದ ಕಾಫಿಯ ಕಹಿ, ಕುಡಿದ ಮೇಲೆ ಮಾತು ಕಡಿಮೆಯಾಗುತ್ತಿತ್ತು. 'ಮೂತಿ' ಎಂಬುದು ಹುಳಿ ಬಿಯರು, ಮೊದಲ ಗುಟುಕಿಗೆ ಎಂಥ ಗಂಭೀರ ಮನುಷ್ಯನ ಮುಖವೂ ಸೊಟ್ಟಗಾಗುತ್ತಿತ್ತು. ಮೂರನೆಯದು 'ಮಬ್ಬು'. ಗೋಧಿಯಿಂದ ಮಾಡಿದ ಬಿಯರು. ಲೋಟದ ಆಚೆಗಿನ ಬೆರಳು ಕಾಣದಷ್ಟು ಮಸುಕು. ಮೂಗಿಗೆ ಮೊದಲು ಲವಂಗ, ಆಮೇಲೆ ಕಿತ್ತಳೆ ಸಿಪ್ಪೆ, ನುಂಗಿದ ಮೇಲೆ ಎಲ್ಲೋ ಹಿಂದಿನಿಂದ ಮಾಗಿದ ಬಾಳೆಹಣ್ಣು. ಲೇಬಲ್ ಅತ್ತೆಗೆ ಪ್ರಪಂಚದಲ್ಲಿ ಮಬ್ಬಿಗಿಂತ ಒಳ್ಳೆಯ ಬಿಯರು ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ನಗಿ, ಅವಳಿಗೇನೂ ಬೇಸರವಿಲ್ಲ. ಹಾಗೆ ನಕ್ಕವರನ್ನು ಅವಳು ಹನ್ನೊಂದು ವರ್ಷದಿಂದ ನೋಡಿದ್ದಾಳೆ.

ಮಬ್ಬಿನ ಡಬ್ಬಿಗೆ ಅಂಟಿಸುವ ಲೇಬಲಿನಲ್ಲಿ ಹೆಸರು ಅಣ್ಣನ ಕೈಬರಹದ್ದು. ಅದರ ಕೆಳಗೆ ಈಜುವ ಬಾತುಕೋಳಿಯ ಚಿತ್ರ ಅವಳು ಬರೆದದ್ದು. "ನಿನ್ನ ಬಾತುಕೋಳಿಗೆ ಕತ್ತು ಜಾಸ್ತಿ ಆಯ್ತಲ್ಲೇ" ಎಂದು ಅಣ್ಣ ರೇಗಿಸಿದ್ದ. "ನಿನ್ನ ಅಕ್ಷರಕ್ಕೆ ಸೊಂಟ ನೋವಾ, ಹಾಗೆ ಬಗ್ಗಿವೆ" ಎಂದು ಅವಳು ತಿರುಗಿಸಿ ಕೊಟ್ಟಿದ್ದಳು.

ದಿನವೂ ನಾಲ್ಕು ಗಂಟೆಗೆ ಅಣ್ಣ ಕೈ ತೊಳೆದುಕೊಂಡು, ತಣ್ಣಗಿನ ಕೋಣೆಯಿಂದ ಒಂದು ಡಬ್ಬಿ ಮಬ್ಬು ತಂದು, ಅವಳ ಸ್ಟೂಲಿನ ಪಕ್ಕ ಒಂದು ಖಾಲಿ ಡ್ರಮ್ಮಿನ ಮೇಲೆ ಎರಡು ಲೋಟ ಇಡುತ್ತಿದ್ದ. ಮೊದಲು ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದ. ಆಮೇಲೆ ಅವಳ ಲೋಟಕ್ಕೆ. ಮನೆಗೆ ಬಂದ ಹೆಂಗಸರಿಗೆ ಮೊದಲು ಕೊಡಬೇಕು ಎಂಬ ಕನಿಷ್ಠ ಮರ್ಯಾದೆಯೂ ಇಲ್ಲದವನು ಎಂದು ಹನ್ನೊಂದು ವರ್ಷ ಅವಳು ಬೈದಳು. "ಕುಡಿಯೋಕೆ ಮುಂದೆ, ತೊಳೆಯೋಕೆ ಹಿಂದೆ" ಅಂದಳು. ಅವನು ಕ್ಯಾರೆ ಅನ್ನಲಿಲ್ಲ. ಕೆಲವು ಸಲ ಖಾಲಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಬಾಟಲಿಗೆ ಸರಿಯಾಗಿತ್ತು, ಡಬ್ಬಿಗೊಂದು ಉಪಾಯ ಹುಡುಕಬೇಕು" ಎಂದು ಗೊಣಗುತ್ತಿದ್ದ. ಎಂಥ ಉಪಾಯ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಅಣ್ಣ ಹೋದ ಮೇಲೆ ನಾಲ್ಕು ಗಂಟೆಯ ಡಬ್ಬಿಯನ್ನು ಅವಳು ತೆರೆಯಲೇ ಇಲ್ಲ. ಒಬ್ಬಳೇ ಕೂತು ತೆರೆಯಲು ಕೈ ಬರಲಿಲ್ಲ.

ಇತ್ತ ಅಣ್ಣನ ಮಗನಿಗೆ ಬೇರೆಯೇ ಚಿಂತೆ ಹತ್ತಿತ್ತು. ಕೆಟ್ಟವನಲ್ಲ ಅವನು. ಒಳ್ಳೆಯ ಹುಡುಗ ಎಂದು ಚಿಕ್ಕಂದಿನಿಂದ ಎತ್ತಿ ಆಡಿಸಿದ ಅತ್ತೆಯೇ ಹೇಳುತ್ತಾಳೆ. ಆದರೆ ಎಲ್ಲವೂ ಥಳಥಳ ಅನ್ನಬೇಕು ಅವನಿಗೆ. ಆದ್ದರಿಂದ ಡಬ್ಬಿ ತುಂಬುವ ನೊರೆಯಣ್ಣ ಅವನಿಗೆ ಹಿಂದಿನಿಂದ ಪಾಲಿಶ್ ಎಂದು ಹೆಸರಿಟ್ಟಿದ್ದ. ಈ ಪಾಲಿಶ್‌ಗೆ ಮಬ್ಬಿನ ಬಗ್ಗೆ ದೂರು ಬರುತ್ತಿತ್ತು. ಮೊದಲರ್ಧ ನೀರು, ಕೊನೆಯರ್ಧ ಗಸಿ ಎಂದು ಗಿರಾಕಿಗಳು ಬರೆದು ಕಳಿಸುತ್ತಿದ್ದರು. ಊರಿಗೆಲ್ಲ ಮಳಿಗೆ ಇಟ್ಟುಕೊಂಡ ದೊಡ್ಡ ಅಂಗಡಿಯೊಂದು ಮಬ್ಬನ್ನು ತನ್ನ ಕಪಾಟಿಗೆ ತೆಗೆದುಕೊಳ್ಳಲು ತಯಾರಿತ್ತು, ಆದರೆ ಸೋಸಿ ತಿಳಿ ಮಾಡಿ ಕೊಡಬೇಕು ಅಂದಿತ್ತು. ಅದಕ್ಕೆ ಸೋಸುವ ಯಂತ್ರ ತರಿಸಬೇಕು. ಪಾಲಿಶ್ ತರಿಸಲು ಹೇಳಿಯೂ ಬಿಟ್ಟಿದ್ದ.

"ಸೋಸಿದರೆ ಅದು ಮಬ್ಬು ಹೇಗಾಗುತ್ತೋ?" ಎಂದು ಅತ್ತೆ ಕೇಳಿದ್ದಳು. "ಬಿಯರು ಅಂದ್ರೆ ಮುಖ ನೋಡ್ಕೊಳ್ಳೋ ಕನ್ನಡಿಯೇನೋ?"

"ಅತ್ತೆ, ಜನ ನೀರು ಅಂತಿದಾರೆ."

"ನಾಲಿಗೆ ಸತ್ತೋರು ಅಂತಾರೆ. ಹನ್ನೊಂದು ವರ್ಷ ದಿನಾ ಕುಡಿದಿದೀನಿ, ಒಂದು ದಿನವೂ ನನಗೆ ನೀರು ಸಿಕ್ಕಿಲ್ಲ."

ಅದು ನಿಜವೇ. ಒಂದು ದಿನವೂ ಸಿಕ್ಕಿರಲಿಲ್ಲ.

ಹೀಗಿರುವಾಗ ಆ ಎಡವಟ್ಟಾಯಿತು. ಅದು ಹೇಗಾಯಿತು ಎಂದು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಶೆಡ್ಡಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಖಾಲಿ ಡಬ್ಬಿಗಳು ಬಾಯಿ ಕೆಳಗಾಗಿ ಬರುತ್ತಿದ್ದವು, ಒಳಗೆ ಧೂಳು ಬೀಳದಿರಲೆಂದು. ಬಾಯಿ ಕೆಳಗಾಗಿಯೇ ಲೇಬಲ್ ಅತ್ತೆಯ ಯಂತ್ರದ ಮುಂದೆ ಸಾಗುತ್ತಿದ್ದವು. ಹಾಗಾಗಿ ಅವಳು ಲೇಬಲಿನ ಸುರುಳಿಯನ್ನೂ ತಲೆಕೆಳಗಾಗಿ ಹಾಕುತ್ತಿದ್ದಳು. ಆಮೇಲೆ ಒಂದು ತಿರುಚಿದ ಹಳಿ ಡಬ್ಬಿಯನ್ನು ಮಗುಚಿ, ತೊಳೆದು, ಬಾಯಿ ಮೇಲೆ ಮಾಡಿ ನೊರೆಯಣ್ಣನಿಗೆ ಒಪ್ಪಿಸುತ್ತಿತ್ತು. ಅಂದರೆ ಅವಳ ಸ್ಟೂಲಿನ ಮುಂದೆ ಹನ್ನೊಂದು ವರ್ಷ ಬಾತುಕೋಳಿಗಳು ಕಾಲು ಮೇಲೆ ಮಾಡಿಕೊಂಡೇ ಮೆರವಣಿಗೆ ಹೋಗಿದ್ದವು. ತಲೆಕೆಳಗಾದದ್ದೇ ಅವಳ ಕಣ್ಣಿಗೆ ಸರಿ.

ಆ ಸೋಮವಾರ ಪಾಲಿಶ್ ಹೊಸ ಡಬ್ಬಿ ತರಿಸಿದ. ಅವು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಯಿ ಮೇಲಾಗಿ ಬಂದವು. ಮಗುಚುವುದು ಯಾಕೆ ಎಂದು ಅವನು ತಿರುಚಿದ ಹಳಿಯನ್ನೂ ಬಿಚ್ಚಿಸಿ ಹಾಕಿ, ನೇರ ಹಳಿ ಹಾಕಿಸಿದ. ಲೇಬಲ್ ಸುರುಳಿಯ ಮಾತು ಯಾರಿಗೂ ನೆನಪಾಗಲಿಲ್ಲ. ಅತ್ತೆ ಎಂದಿನಂತೆ ಹಾಕಿದಳು, ಎಂದಿನಂತೆ ಬಾತುಕೋಳಿಗಳು ಕಾಲು ಮೇಲಾಗಿ ಹೊರಟವು, ಎಲ್ಲ ಸರಿಯಿದೆ ಎಂದು ಅವಳು ಕೂತಳು. ನೊರೆಯಣ್ಣನೂ ನೋಡಲಿಲ್ಲ. ತುಂಬುವವನ ಕಣ್ಣು ಡಬ್ಬಿಯ ಬಾಯಿಯ ಮೇಲಿರಬೇಕು, ಹೊಟ್ಟೆಯ ಮೇಲಲ್ಲ ಎಂದು ಅವನಿಗೆ ಅಣ್ಣನೇ ಕಲಿಸಿದ್ದ. ಎರಡು ಸಾವಿರದ ಮುನ್ನೂರು ಡಬ್ಬಿ ತುಂಬಿ, ಮುಚ್ಚಳ ಬಿಗಿದು, ಪೆಟ್ಟಿಗೆಗೆ ಹಾಕಲು ಬಗ್ಗಿದಾಗ ನೊರೆಯಣ್ಣ ಒಂದು ಸಲ ಕತ್ತು ಓರೆ ಮಾಡಿದ. ಇನ್ನೊಂದು ಸಲ ಓರೆ ಮಾಡಿದ. ಆಮೇಲೆ, "ಅಯ್ಯೋ ಅತ್ತೆ, ಬಾತುಕೋಳಿ ಸತ್ತೋಯ್ತು!" ಎಂದು ಕೂಗಿಕೊಂಡ.

ಪಾಲಿಶ್ ಓಡಿ ಬಂದ. "ಕಣ್ಣು ಕಾಣಲ್ವಾ ಅತ್ತೆ?"

"ಕಾಣುತ್ತಪ್ಪ. ಹಳಿ ಬಿಚ್ಚಿಸಿದವನ ಮುಖಾನೂ ಚೆನ್ನಾಗಿ ಕಾಣುತ್ತೆ."

"ಶುಕ್ರವಾರ ಆ ದೊಡ್ಡ ಅಂಗಡಿ ಕಡೆಯಿಂದ ಮಳಿಗೆ ಮೇಡಂ ಬರ್ತಾರೆ. ಅಷ್ಟರೊಳಗೆ ಇಷ್ಟನ್ನೂ ಕಿತ್ತು ಹೊಸದು ಅಂಟಿಸಬೇಕು."

"ಅಣ್ಣನ ಅಕ್ಷರ ನಾನು ಕೀಳಲ್ಲ," ಅಂದಳು ಅತ್ತೆ. ಸಣ್ಣ ದನಿಯಲ್ಲೇ ಅಂದಳು. "ಅಂಟಿಸು ಅಂದ್ರೆ ಇನ್ನೂ ಒಂದು ಲಕ್ಷ ಅಂಟಿಸ್ತೀನಿ. ಕೀಳು ಅಂದ್ರೆ ಒಂದನ್ನೂ ಕೀಳಲ್ಲ. ಸಿಪ್ಪೆ ಸುಲಿಯೋಕೆ ಇದೇನು ಆಲೂಗಡ್ಡೆಯೇನೋ?"

ಆಗ ಅವನು ರೆಸ್ಟ್ ಎಂದ. ಆಗ ಅವಳು ಸ್ಟೂಲು ಎತ್ತಿಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜಾಗದಲ್ಲಿ ಎಮ್ಮೆ ಯಾಕೆ ನಿಲ್ಲಬೇಕು?

ಮನೆಯಲ್ಲಿ ಅವಳು ಮೊದಲು ಮಾಡಿದ್ದು ಫ್ರಿಜ್ಜಿನ ಮಧ್ಯದ ಅರೆಯನ್ನು ಖಾಲಿ ಮಾಡಿ ಹನ್ನೆರಡು ಡಬ್ಬಿಗಳನ್ನು ಜೋಡಿಸಿದ್ದು. ಜೋಡಿಸಿ ನೋಡಿದರೆ ಅಣ್ಣನ ಅಕ್ಷರ ಹನ್ನೆರಡು ಸಲ ತಲೆಕೆಳಗೆ ನಿಂತಿತ್ತು. ಅವಳಿಗೆ ತಡೆಯಲಾಗಲಿಲ್ಲ. ಯಂತ್ರದ ಮುಂದೆ ಹೇಗಾದರೂ ಹೋಗಲಿ, ಮನೆಯೊಳಗೆ ಅವನು ಹೆಸರು ಬರೆದ ಬಿಯರು ಶೀರ್ಷಾಸನ ಹಾಕುವುದು ಬೇಡ. ಒಂದೊಂದನ್ನೇ ಮಗುಚಿ, ಮುಚ್ಚಳ ಕೆಳಗಾದರೆ ಆಗಲಿ ಎಂದು, ಅಕ್ಷರ ನೆಟ್ಟಗೆ ಬರುವಂತೆ ಇಟ್ಟಳು. ಹನ್ನೆರಡು ಬಾತುಕೋಳಿಗಳು ನೀರಿನ ಮೇಲೆ ತೇಲಿದವು. ಫ್ರಿಜ್ಜಿನ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, ಮನಸಾರೆ ಅತ್ತಳು. ಅಣ್ಣ ಸತ್ತ ದಿನ ಬಂದವರಿಗೆಲ್ಲ ಕಾಫಿ ಕಾಸುವುದರಲ್ಲಿ ಅವಳಿಗೆ ಅಳಲು ಪುರಸೊತ್ತಾಗಿರಲಿಲ್ಲ.

ಎರಡು ದಿನ ಮನೆ ಗುಡಿಸಿದಳು, ಒರೆಸಿದಳು, ಮತ್ತೆ ಗುಡಿಸಿದಳು. ಗುರುವಾರ ನಾಲ್ಕು ಗಂಟೆಗೆ ಕಾಲು ನಿಲ್ಲಲಿಲ್ಲ. ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದು, ಮೆಲ್ಲಗೆ ಮಗುಚಿ, ಮುಚ್ಚಳ ಎಬ್ಬಿಸಿದಳು. ಅಭ್ಯಾಸಬಲದಿಂದ ಎರಡು ಲೋಟ ಇಟ್ಟಿದ್ದಳು. ಅಣ್ಣನದು ಮೊದಲು, ತನ್ನದು ಆಮೇಲೆ. ತನ್ನದನ್ನು ಕುಡಿದಳು. ಲವಂಗ, ಕಿತ್ತಳೆ, ಬಾಳೆಹಣ್ಣು, ಎಲ್ಲ ಎಲ್ಲೆಲ್ಲಿರಬೇಕೋ ಅಲ್ಲೇ ಇದ್ದವು. ಅಣ್ಣನ ಲೋಟ ಹಾಗೇ ಕೂತಿತ್ತು. ಚೆಲ್ಲುವುದು ಪಾಪ ಎಂದು ಅದನ್ನೂ ಕುಡಿದಳು. ಅದೂ ಅಷ್ಟೇ ಮಂದ, ಅಷ್ಟೇ ಘಮ.

ಅವಳ ಪಿತ್ತ ನೆತ್ತಿಗೇರಿತು. ಎಲ್ಲಿದೆ ನೀರು? ಮೊದಲರ್ಧ ಕುಡಿದೆ, ಕೊನೆಯರ್ಧ ಕುಡಿದೆ, ಎಲ್ಲಿದೆಯಪ್ಪ ನಿಮ್ಮ ನೀರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕುಡಿಯಲು ಬರದವರು ಬಿಯರು ನೀರು ಎನ್ನುತ್ತಾರೆ! ಇದೊಂದೇ ಸಲದ ಮಾತಲ್ಲ, ಹಳೆಯ ಡಬ್ಬಿಯೂ ಹೀಗೇ ಇರುತ್ತದೆ ಎಂದು ಪಾಲಿಶ್ ಮುಖದ ಮೇಲೆ ಹೊಡೆದ ಹಾಗೆ ಹೇಳಬೇಕು ಎಂದುಕೊಂಡು, ಚಪ್ಪಲಿ ಮೆಟ್ಟಿ ಬೀದಿಯ ಕೊನೆಯ ಅಂಗಡಿಗೆ ಹೋಗಿ, ಹಿಂದೆ ತುಂಬಿದ್ದ ಎರಡು ಹಳೆಯ ಡಬ್ಬಿ ಕೊಂಡು ತಂದಳು. ತಣ್ಣಗಿದ್ದ ಒಂದನ್ನು ಹಾಗೇ ತೆರೆದು ಎರಡು ಲೋಟಕ್ಕೆ ಬಗ್ಗಿಸಿದಳು. ಮೊದಲ ಲೋಟವನ್ನು ಬಾಯಿಗಿಟ್ಟಳು.

ನೀರು.

ಪೂರ್ತಿ ನೀರೆಂದರೆ ತಪ್ಪಾದೀತು. ಸಪ್ಪೆ. ತೆಳ್ಳಗೆ. ಲವಂಗ ಪಕ್ಕದ ಮನೆಯಲ್ಲೆಲ್ಲೋ ಕುಟ್ಟಿದ ಹಾಗೆ. ಎರಡನೆಯ ಲೋಟ ಕುಡಿದಳು. ಅದು ಅವಳ ಮಬ್ಬು, ಹನ್ನೊಂದು ವರ್ಷದ ಮಬ್ಬು. ಇದ್ದ ಸಾರವೆಲ್ಲ ಡಬ್ಬಿಯ ತಳಕ್ಕಿಳಿದು ಎರಡನೆಯ ಲೋಟಕ್ಕೆ ಬಂದಿತ್ತು.

ಅವಳು ಲೋಟ ಕೆಳಗಿಟ್ಟಳು. ಮೊದಲ ಲೋಟವನ್ನು ಅವಳು ಜನ್ಮದಲ್ಲಿ ಕುಡಿದವಳಲ್ಲ. ಅದು ಯಾವಾಗಲೂ ಅಣ್ಣನದು.

"ಕಳ್ಳ!" ಎಂದಳು ಗಟ್ಟಿಯಾಗಿ, ಖಾಲಿ ಅಡುಗೆಮನೆಯಲ್ಲಿ. "ಕಳ್ಳ ನನ್ನ ಮಗನೇ!"

ತಾನೇ ಮಾಡಿದ ಬಿಯರಿನ ಒಳ್ಳೆಯ ಅರ್ಧ ಹನ್ನೊಂದು ವರ್ಷ ತಂಗಿಗೆ. ತೆಳ್ಳಗಿನ ಅರ್ಧ ತನಗೆ. ಅದರ ಮೇಲೆ ದಿನವೂ ಬೈಸಿಕೊಂಡು ಹಲ್ಲು ಕಿರಿಯುತ್ತಿದ್ದ. ಅವನಿಗೆ ಗೊತ್ತಿತ್ತು. ಅವಳು ಬರುವ ಮುಂಚಿನ ಬಾಟಲಿಯ ಕಾಲದಲ್ಲಿ ಗಿರಾಕಿಗಳು ಗಾಜಿನೊಳಗೆ ತಳ ನೋಡಿ ಕುಲುಕಿ ಬಗ್ಗಿಸುತ್ತಿದ್ದರು. ಡಬ್ಬಿಯೊಳಗೆ ಯಾರು ಇಣುಕುತ್ತಾರೆ? ಹುಡುಕಬೇಕು ಎಂದು ಅವನು ಗೊಣಗುತ್ತಿದ್ದ ಉಪಾಯ ಇದಕ್ಕೇ.

ಆ ಉಪಾಯ ಈಗ ಅವಳ ಫ್ರಿಜ್ಜಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಹೆಸರು ನೆಟ್ಟಗಿರಲಿ ಎಂದು ಇಟ್ಟರೆ ಮುಚ್ಚಳ ಕೆಳಗಾಗುತ್ತದೆ. ಸಾರವೆಲ್ಲ ಮುಚ್ಚಳದ ಕಡೆಗೆ ಇಳಿದು ಕೂರುತ್ತದೆ. ತೆರೆಯಬೇಕೆಂದರೆ ಮಗುಚಲೇಬೇಕು. ಮಗುಚಿದರೆ ಸಾರವೆಲ್ಲ ಮೇಲಿನಿಂದ ಕೆಳಗಿನವರೆಗೆ ಬೆರೆಯುತ್ತದೆ. ಕುಲುಕಿ ಎಂದು ಯಾರಿಗೂ ಬರೆದು ಹೇಳಬೇಕಾಗಿಲ್ಲ. ಅಣ್ಣ ಹುಡುಕಿ ಹುಡುಕಿ ಸಿಗದೆ ಹೋದದ್ದನ್ನು ಅವಳು ತಪ್ಪು ಮಾಡಿ ಕಂಡುಹಿಡಿದಿದ್ದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅವನಿಗೆ ಹೇಳಲಾಗಲಿಲ್ಲವಲ್ಲ ಎಂದು ಎರಡೂ ಲೋಟ ಎತ್ತಿ ಎರಡೆರಡು ಸಲ ತೊಳೆದಳು. ಅಂಗಡಿಯಿಂದ ತಂದ ಇನ್ನೊಂದು ಹಳೆಯ ಡಬ್ಬಿಯನ್ನು ಅವಳು ತೆರೆಯಲಿಲ್ಲ. ಅದನ್ನು ಮುಚ್ಚಳ ಮೇಲಾಗಿಯೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟಳು.

ಸಂಜೆ ನೊರೆಯಣ್ಣ ಫೋನು ಮಾಡಿದ. "ಅತ್ತೆ, ಸೋಸೋ ಯಂತ್ರ ಬಂತು. ಸಣ್ಣ ಕ್ಯಾನಿನಲ್ಲಿ ಸ್ವಲ್ಪ ಸೋಸಿ ನೋಡಿದ್ರು. ಮಳಿಗೆ ಮೇಡಂ ನಾಳೆ ಮೂರಕ್ಕೆ ಬರ್ತಾರಂತೆ. ಅವರು ಹೂಂ ಅಂದ್ರೆ ಸೋಮವಾರದಿಂದ ಮಬ್ಬು ಪೂರ್ತಿ ಸೋಸಿದ್ದೇ."

"ಲೇಬಲ್ ಕಿತ್ರಾ?"

"ನಾನು ನಲವತ್ತು ಕಿತ್ತೆ. ಉಗುರೇ ಕಿತ್ತು ಬಂದ್ಬಿಡ್ತು. ಮಿಕ್ಕಿದ್ದು ಹಾಗೇ ಇದೆ."

"ಇರಲಿ ಬಿಡು. ಇನ್ನೊಂದನ್ನೂ ಮುಟ್ಟಬೇಡ," ಅಂದಳು ಅತ್ತೆ.

ಶುಕ್ರವಾರ ಮೂರೂ ಕಾಲಿಗೆ ಸ್ಟೂಲು ಮತ್ತೆ ಅದೇ ಬೀದಿಯಲ್ಲಿ ತಲೆಯ ಮೇಲೆ ವಾಪಸು ಬಂತು. ಕ್ಷೌರಿಕ ಈ ಸಲ ಅಂಗಡಿಯಿಂದ ಹೊರಗೇ ಬಂದು ನೋಡಿದ. ಶೆಡ್ಡಿನೊಳಗೆ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಮಳಿಗೆ ಮೇಡಂ ಕೂತಿದ್ದಳು. ನಲವತ್ತರ ಹೆಂಗಸು, ಚೂಪು ಕಣ್ಣು, ಕಾಲಿಗೆ ನಡೆದಾಡುವವರ ಬೂಟು. ಅವಳ ಮುಂದಿನ ಲೋಟದಲ್ಲಿ ಚಿನ್ನದಂತೆ ಫಳಫಳಿಸುವ ಬಿಯರು. ಪಕ್ಕದಲ್ಲಿ ಇಸ್ತ್ರಿ ಶರ್ಟಿನ ಪಾಲಿಶ್. ಹಿಂದೆ ಮೊಣಕೈವರೆಗೆ ನೊರೆ ಮೆತ್ತಿಕೊಂಡ ನೊರೆಯಣ್ಣ.

"ಅತ್ತೆ, ಈಗ ಬೇಡ," ಎಂದ ಪಾಲಿಶ್ ಹಲ್ಲು ಕಚ್ಚಿಕೊಂಡು.

ಅತ್ತೆ ಸ್ಟೂಲನ್ನು ಮೇಜಿನ ಪಕ್ಕ ಎಳೆದು ಕೂತಳು. "ನಾನು ಇವನ ಸೋದರತ್ತೆ. ಲೇಬಲ್ ಅಂಟಿಸೋಳು. ಅದನ್ನ ಸೋಸಿದ್ದಾರೆ, ಅಲ್ವಾ? ಕುಡಿದ್ರಾ? ಹೇಗಿದೆ?"

"ಚೆನ್ನಾಗಿದೆ," ಎಂದಳು ಮೇಡಂ.

"ಏನು ನೆನಪಿಗೆ ಬಂತು ಕುಡಿದಾಗ?"

ಮೇಡಂ ಇನ್ನೊಂದು ಗುಟುಕು ಕುಡಿದಳು. "ನಿಜ ಹೇಳಬೇಕಂದ್ರೆ, ಏನೂ ಬರಲಿಲ್ಲ."

ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಕೆಳಗಾಗಿ ಮೇಜಿನ ಮೇಲಿಟ್ಟಳು. ಅಣ್ಣನ ಅಕ್ಷರ ನೆಟ್ಟಗಿತ್ತು. ಆಮೇಲೆ ಅದನ್ನು ಮೆಲ್ಲಗೆ ಮಗುಚಿದಳು, ಮಲಗಿದವರನ್ನು ಎಬ್ಬಿಸದೆ ಮಗ್ಗುಲು ತಿರುಗಿಸುವ ಹಾಗೆ. ಬಾತುಕೋಳಿ ತಲೆ ಕೆಳಗೆ ಮಾಡಿ ನೀರಿಗೆ ಮುಳುಗಿತು. ಮೇಡಂ ತಡೆಯಲಾರದೆ ನಕ್ಕಳು. ಅತ್ತೆ ಎರಡು ಲೋಟ ತುಂಬಿ, ಎರಡನ್ನೂ ಅವಳ ಮುಂದೆ ತಳ್ಳಿದಳು. "ಮೊದಲರ್ಧ, ಕೊನೆಯರ್ಧ. ಯಾವುದು ನೀರು, ಯಾವುದು ಗಸಿ, ನೀವೇ ಹೇಳಿ."

ಮೇಡಂ ಒಂದನ್ನು ಕುಡಿದಳು. ಇನ್ನೊಂದನ್ನು ಕುಡಿದಳು. ಮತ್ತೆ ಮೊದಲನೆಯದಕ್ಕೆ ಬಂದಳು.

"ಎರಡೂ ಒಂದೇ," ಎಂದಳು ಮೇಡಂ. "ಮತ್ತೆ, ತುಂಬಾ ಚೆನ್ನಾಗಿದೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಿತ್ತಳೆ ಸಿಪ್ಪೆ ಒಲೆ ಮೇಲೆ ಒಣಗಿಸ್ತಿದ್ದರು, ಅದು ನೆನಪಾಯ್ತು." ಲೋಟ ಕೆಳಗಿಟ್ಟಳು. "ಆದ್ರೆ ನಮ್ಮ ಕಪಾಟಿನಲ್ಲಿ ಮುಚ್ಚಳ ಕೆಳಗಾಗಿ ಯಾವುದೂ ನಿಲ್ಲಲ್ಲ. ಜನ ಕೆಟ್ಟ ಮಾಲು ಅಂತ ವಾಪಸ್ ತರ್ತಾರೆ. ನಂಗೆ ಇದೇ ಇಷ್ಟ, ಆದ್ರೆ ನಾನು ಕೊಳ್ಳೋದು ನನಗೋಸ್ಕರ ಅಲ್ವಲ್ಲ. ಸೋಸಿದ್ದನ್ನ ಕೊಡಿ, ಲೇಬಲ್ ನೆಟ್ಟಗೆ ಅಂಟಿಸಿ, ಮುಂದಿನ ತಿಂಗಳಿಂದಲೇ ತಗೋತೀವಿ."

"ನಮ್ಮ ಮಬ್ಬು ನಿಮ್ಮ ಕಪಾಟಿನಲ್ಲಿ ನಿಲ್ಲಬೇಕಂದ್ರೆ ತನ್ನ ತಲೆ ಮೇಲೇ ನಿಲ್ಲುತ್ತೆ," ಎಂದಳು ಅತ್ತೆ. "ಇಲ್ಲಾಂದ್ರೆ ನಿಲ್ಲಲ್ಲ."

"ಅತ್ತೆ!" ಪಾಲಿಶ್ ಎದ್ದು ನಿಂತ. "ಇದು ನಿನ್ನ ಹಟ ಅಷ್ಟೇ. ಊರೆಲ್ಲ ಕುಡಿಯೋ ಹಾಗೆ ಮಾಡ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ ನಾನು. ನಿನಗೊಬ್ಬಳಿಗೆ ರುಚಿಸಿದ್ರೆ ಸಾಕಾ?"

ಅವನ ದನಿ ಒಡೆದಿತ್ತು. ಅತ್ತೆಗೆ ಆಗಲೇ ಗೊತ್ತಾಯಿತು, ಇವನೂ ನಾಲ್ಕು ತಿಂಗಳಿಂದ ಅತ್ತಿಲ್ಲ ಎಂದು. ಅವಳ ಕೋಪ ಸರ್ರನೆ ಇಳಿಯಿತು, ಆದರೆ ಹಟ ಇಳಿಯಲಿಲ್ಲ. ಚೀಲದಿಂದ ಆ ಹಳೆಯ ಡಬ್ಬಿ ತೆಗೆದಳು, ಮುಚ್ಚಳ ಮೇಲಾಗಿದ್ದದ್ದು. ಹಾಗೇ ತೆರೆದು ಅರ್ಧವನ್ನು ಒಂದು ಲೋಟಕ್ಕೆ ಬಗ್ಗಿಸಿ ಅವನ ಕೈಗಿತ್ತಳು.

"ಕುಡಿ."

ಅವನು ಕುಡಿದ. "ಇದು ನೀರು. ನಾನು ಹೇಳ್ತಾ ಇರೋದೂ ಅದನ್ನೇ ಅಲ್ವಾ?"

"ಹೌದು, ನೀನು ಹೇಳಿದ್ದು ಸರಿ, ನಾನೇ ತಪ್ಪು. ಇದು ನಿಮ್ಮಪ್ಪನ ಲೋಟ ಕಣೋ. ದಿನಾ ನಾಲ್ಕು ಗಂಟೆಗೆ, ಹನ್ನೊಂದು ವರ್ಷ, ಅವನು ಕುಡಿದಿದ್ದು ಇದು." ಉಳಿದರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿದಳು. "ಇದು ನನ್ನ ಲೋಟ. ಇದನ್ನೂ ಕುಡಿ."

ಅವನು ಅದನ್ನೂ ಕುಡಿದ. ಲೋಟ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಅಪ್ಪ ಮೊದಲು ತಾನು ಬಗ್ಗಿಸ್ಕೊಳ್ತಾರೆ ಅಂತ ನೀನು ಬೈತಿದ್ದೆ," ಎಂದ.

"ಬೈತಿದ್ದೆ. ಬಾಯಿಗೆ ಬಂದ ಹಾಗೆ ಬೈತಿದ್ದೆ. ಈಗ ಕೇಳು. ನಿನ್ನ ಯಂತ್ರ ಏನು ಸೋಸಿ ಚರಂಡಿಗೆ ಬಿಡುತ್ತೆ ಗೊತ್ತಾ? ಅವನು ಯಾವುದನ್ನ ತಾನು ಕುಡಿಯದೆ ನನಗೆ ಕೊಟ್ಟನೋ ಅದನ್ನ."

ಯಾವುದೋ ಟ್ಯಾಂಕು ಗುಳಗುಳ ಎಂದಿತು. ಪಾಲಿಶ್ ಮೂಗು ಒರೆಸಿಕೊಂಡ, ಇಸ್ತ್ರಿ ಶರ್ಟಿನ ತೋಳಿನಲ್ಲೇ ಒರೆಸಿಕೊಂಡ. ಆಮೇಲೆ ಮೇಡಂ ಕಡೆಗೆ ತಿರುಗಿ, "ಕ್ಷಮಿಸಿ ಮೇಡಂ. ನಾವು ಸೋಸಲ್ಲ," ಎಂದ.

"ಯೋಚನೆ ಮಾಡಿ ಹೇಳಿ."

"ಮಾಡಿದೆ. ಡಬ್ಬಿ ಹೀಗೇ ನಿಲ್ಲುತ್ತೆ. ನಿಮಗೆ ಯಾವತ್ತಾದರೂ ಬೇಕನ್ನಿಸಿದ್ರೆ ಹೀಗೇ ಕೇಳಿ."

ಮೇಡಂ ಕಾಗದ ಮಡಿಸಿಕೊಂಡು ಎದ್ದಳು. ಒಲ್ಲೆ ಎಂದವರ ಮೇಲೆ ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು, "ನನಗೋಸ್ಕರ ಎರಡು ಕೊಡ್ತೀರಾ?" ಎಂದು ಕೇಳಿದಳು. ಅತ್ತೆ ಕೊಟ್ಟಳು. ಮೇಡಂ ಅವನ್ನು ಕೈಚೀಲದಲ್ಲಿ ಇಟ್ಟುಕೊಂಡಳು, ಹೆಸರು ನೆಟ್ಟಗೆ, ಮುಚ್ಚಳ ಕೆಳಗೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಹೋದ ಮೇಲೆ ನೊರೆಯಣ್ಣ ಧೈರ್ಯ ಮಾಡಿ ಬಾಯಿಬಿಟ್ಟ. "ಧಣಿ, ನಾನು ಕಿತ್ತ ನಲವತ್ತು ಡಬ್ಬಿ ಏನು ಮಾಡೋದು?"

"ಮತ್ತೆ ಅಂಟಿಸು," ಎಂದ ಪಾಲಿಶ್. "ತಲೆಕೆಳಗೆ."

"ಅವನ ಕೈಗೆ ಬೇಡ," ಎಂದಳು ಅತ್ತೆ. "ಅವನು ನೆಟ್ಟಗೆ ಅಂಟಿಸಿಬಿಡ್ತಾನೆ. ಸೋಮವಾರ ನಾನೇ ಅಂಟಿಸ್ತೀನಿ."

ಮಾತು ಮುಗಿಯುವಷ್ಟರಲ್ಲಿ ಗೋಡೆಯ ಮೇಲಿನ ಲಾಂಡ್ರಿ ಕಾಲದ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಪಾಲಿಶ್ ಯಾರೂ ಹೇಳದೆಯೇ ಕೈ ತೊಳೆದುಕೊಂಡು, ತಣ್ಣಗಿನ ಕೋಣೆಯಿಂದ ಒಂದು ಡಬ್ಬಿ ಮಬ್ಬನ್ನು ಹೆಸರು ನೆಟ್ಟಗೆ ಹಿಡಿದು ತಂದು, 'ರೆಸ್ಟ್' ತೆಗೆದುಕೊಂಡವಳ ಸ್ಟೂಲಿನ ಪಕ್ಕ ಖಾಲಿ ಡ್ರಮ್ಮು ಎಳೆದು, ಅದರ ಮೇಲೆ ಎರಡು ಲೋಟ ಇಟ್ಟ. ಡಬ್ಬಿಯನ್ನು ತಾನೇ ಮಗುಚಿದ, ಅತ್ತೆ ಮಾಡಿದ ಹಾಗೇ ಮೆಲ್ಲಗೆ. ಬಾತುಕೋಳಿ ಮುಳುಗಿತು. ಮುಚ್ಚಳ ತೆರೆದು ಮೊದಲು ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳಲು ಹೋದ. ಅಪ್ಪನ ಮಗ.

ಅತ್ತೆ ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು.

"ಯಾಕತ್ತೆ? ಈಗ ಎರಡೂ ಒಂದೇ ಅಲ್ವಾ?"

"ಒಂದೇ," ಎಂದಳು ಲೇಬಲ್ ಅತ್ತೆ. ತನ್ನ ಲೋಟವನ್ನು ಮುಂದಕ್ಕೆಳೆದುಕೊಂಡು ಅದಕ್ಕೇ ಮೊದಲು ಬಗ್ಗಿಸಿದಳು. "ಆದ್ರೂ ಇನ್ಮೇಲೆ ಮೊದಲನೇದು ನಂದು."